ಎಂಟು ಕಾಲಿನ ಹಕ್ಕಿ

ದೇವಲಾಪುರದ ಹತ್ತಿರ ಒಂದು ಕೆರೆಯಲ್ಲಿ ಕಳೆ ತೆಗೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಜೆಸಿಬಿ ನಿಂತಾಗ ಏರಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ಒಂದು ದಿನ ತಾವರೆ ಎಲೆಗಳ ಮೇಲೆ ಕಂದು ಹಕ್ಕಿಯೊಂದು ನಡೆದುಬಂತು. ಅದಕ್ಕೆ ಎಂಟು ಕಾಲು! ಎರಡು ಸಲ ಎಣಿಸಿದೆ.

ಅಲ್ಲೇ ಎಮ್ಮೆ ತೊಳೆಯುತ್ತಿದ್ದ ಅಜ್ಜಿಗೆ ತೋರಿಸಿದೆ.

“ಮರಿಗಳು ಕಣಪ್ಪ. ರೆಕ್ಕೆ ಕೆಳ್ಗೆ ಅವುಚ್ಕೊಂಡೈತೆ, ಕಾಲು ಈಚ್ಗೆ ನೇತಾಡ್ತಾವೆ,” ಅಂದರು.

“ತಾಯಿ ಅಂದ್ರೆ ತಾಯೀನೇ ಅಲ್ವಾ ಅಜ್ಜಿ,” ಅಂದೆ.

ಅಜ್ಜಿ ನಕ್ಕುಬಿಟ್ಟರು. “ಅದು ಗಂಡು ಕಣಪ್ಪ! ಹೆಣ್ಣು ಮೊಟ್ಟೆ ಇಕ್ಬುಟ್ಟು ಹೊಂಟೋಯ್ತದೆ. ಕಾವು ಕೂರೋದು, ಮರಿ ಸಾಕೋದು ಎಲ್ಲ ಇವನೇಯ. ನಿಮ್ಮ ಮಿಷಿನ್ನು ಇತ್ಲಾಗೇ ಬತ್ತಾ ಐತಲ್ಲ, ಎಲೆ ಕಿತ್ತಾಕ್ಬುಟ್ರೆ ಇವ್ನು ಎಲ್ಲಿಗೋಗ್ಬೇಕು?”

ಊಟ ಮುಗಿಸಿದವನೇ ಡ್ರೈವರಿಗೆ ಹೇಳಿ ಜೆಸಿಬಿಯನ್ನು ಆಚೆ ದಡಕ್ಕೆ ಕಳಿಸಿದೆ. ಮರಿಗಳು ಬಲಿತು ಹಾರುವವರೆಗೂ ಆ ಮೂಲೆ ಮುಟ್ಟಿಸಲಿಲ್ಲ. ದಿನಾ ಬುತ್ತಿ ಬಿಚ್ಚಿದ ಕೂಡಲೇ ಕಣ್ಣು ಅತ್ತಲೇ ಹೋಗುತ್ತಿತ್ತು.

ತಡವೇಕೆಂದು ಸಾಹೇಬರು ಬರಹದಲ್ಲಿ ಕಾರಣ ಕೇಳಿದರು. ಗಂಡು ಹಕ್ಕಿಯೊಂದು ಬಾಣಂತನದಲ್ಲಿತ್ತು ಎಂದು ಬರೆದರೆ ಯಾರು ಒಪ್ಪುತ್ತಾರೆ? “ಆ ಕಡೆ ಕೆಸರು ಜಾಸ್ತಿ” ಎಂದು ಬರೆದುಕೊಟ್ಟೆ.