ತೊಟ್ಟಿಲ ಪದದ ನಾಲ್ಕನೆಯ ನುಡಿ

ಆ ಭಾನುವಾರ ಮಧ್ಯಾಹ್ನ ಸುರಪುರದ ನಮ್ಮ ಮನೆಯಲ್ಲಿ ಮೂವರೂ ಇದ್ದೆವು. ನನ್ನ ಹೆಂಡತಿ ಗೋಡೆಗೆ ಒರಗಿ ತೊಗರಿಬೇಳೆ ಆರಿಸುತ್ತಾ ತೊಟ್ಟಿಲ ಪದ ಹಾಡುತ್ತಿದ್ದಳು. ಯಾದಗಿರಿಯ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಮಗಳು ಆಗ ಬಸುರಿ. ಮಂಚದ ಮೇಲೆ ಕುಳಿತು ತಾಯಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡು, ಅದರ ಧಾಟಿಯನ್ನು ಲ್ಯಾಪ್‌ಟಾಪಿನಲ್ಲಿ ಸ್ವರಲಿಪಿಯಾಗಿ ಬರೆಯುತ್ತಿದ್ದಳು. ಸ್ವರಗಳ ಕೆಳಗೆ ಪದದ ಅಕ್ಷರ ತುಂಬುವ ಕೆಲಸ ನನ್ನದು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಲೇ ಕೂದಲು ಬೆಳ್ಳಗಾದವನು ನಾನು. ಕೀಲಿಮಣೆ ನೋಡದೆ ಕನ್ನಡ ಹೊಡೆಯಬಲ್ಲೆ. ಸಂಗೀತ ಮಾತ್ರ ಬರುವುದಿಲ್ಲ.

ಆ ಸಾಫ್ಟ್‌ವೇರಿನಲ್ಲಿ ಪದವನ್ನು ಸಾಲುಸಾಲಾಗಿ ಹೊಡೆಯುವಂತಿಲ್ಲ. ಒಂದು ಸ್ವರಕ್ಕೆ ಒಂದು ತುಣುಕು. ಒಂದು ತುಣುಕು ಹೊಡೆದು ಅಡ್ಡಗೆರೆಯ ಕೀಲಿ ಒತ್ತಿದರೆ ಕರ್ಸರ್ ಮುಂದಿನ ಸ್ವರದ ಕೆಳಗೆ ಜಿಗಿಯುತ್ತದೆ. ಒಂದೇ ಅಕ್ಷರವನ್ನು ಎಳೆದು ಹಾಡಿದರೆ ಅದರ ಮುಂದೆ ಉದ್ದ ಗೆರೆ ಎಳೆಯಬೇಕು. ನಾನು ನನ್ನ ರೂಢಿಯಂತೆ ಪದವನ್ನು ಶುದ್ಧ ಮಾಡಿ ತುಂಬಿದ್ದೆ. ನಡುನಡುವೆ ಹೆಂಡತಿ ಸೇರಿಸುತ್ತಿದ್ದ ‘ಯವ್ವಾ’ಗಳನ್ನೆಲ್ಲ ತೆಗೆದುಹಾಕಿದ್ದೆ. ಮಗಳು ನುಡಿಸಿ ನೋಡಿದರೆ ಅಕ್ಷರಗಳೆಲ್ಲ ಎಡಕ್ಕೆ ಸರಿದು, ಪ್ರತಿ ಸಾಲಿನ ಕೊನೆಯ ಸ್ವರಗಳು ಅಕ್ಷರವಿಲ್ಲದೆ ನಿಂತಿದ್ದವು.

“ಅಪ್ಪಾ, ಯವ್ವಾ ಎಲ್ಲಿ ಹೋತು?”

“ಅದು ಪದದಾಗ ಇಲ್ಲಲ್ಲವ್ವ. ನಿಮ್ಮವ್ವ ನಡುವ ಸೇರಸ್ತಾಳ.”

ಹೆಂಡತಿ ಮೊರದಿಂದ ತಲೆ ಎತ್ತಲಿಲ್ಲ. “ಉಸುರು ಬಿಡಾಕ ಜಾಗ ಬ್ಯಾಡೇನ್ರಿ? ಲಗ್ನಪತ್ರಿಕಿ ಮಾಡಿದಂಗ ನನ್ನ ಪದಾನೂ ಹಾಳಿ ನಡುವ ತಂದು ಕೂಡಸಬ್ಯಾಡ್ರಿ. ಮ್ಯಾಲ ಒಂದು ಗಣಪತಿ ಚಿತ್ರ ಹಾಕೋದೊಂದು ಉಳದದ ನೋಡು ನಿಮ್ಮಪ್ಪಂದು.”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಯವ್ವಾ’ಗಳನ್ನು ಒಂದೊಂದಾಗಿ ಮರಳಿ ಹಾಕಿದೆ. ಮೂರು ನುಡಿ ಮುಗಿದವು. ನಾಲ್ಕನೆಯದು ಮಗುವಿನ ಹೆಸರು ಬರುವ ನುಡಿ. ಅದನ್ನೂ ಹಾಡೆಂದು ಮಗಳು ಮೊಬೈಲು ಮುಂದೆ ಹಿಡಿದಳು.

“ಹುಚ್ಚಿ, ಖಾಲಿ ತೊಟ್ಟಿಲಾ ತೂಗ್ತಾರೇನು? ತೊಟ್ಟಿಲದಾಗ ಕೂಸು ಮಲಗೋತನಕ ಹೆಸರಿನ ನುಡಿ ಹಾಡಬಾರದು. ನಿನ್ನ ಕೂಸು ಬರಲಿ, ಅದರ ಮುಂದನ ಹಾಡ್ತೀನಿ. ಅವತ್ತು ಬರಕೋ.”

ನಮ್ಮ ಕಡೆ ಇದು ಎಲ್ಲರೂ ನಡೆಸುವ ಮಾತು. ಯಾರೂ ಒತ್ತಾಯ ಮಾಡಲಿಲ್ಲ. ತೊಟ್ಟಿಲ ದಿನ ಅವ್ವ ಹಾಡಬೇಕು, ತಾನು ಹಾರ್ಮೋನಿಯಂ ನುಡಿಸಬೇಕು, ಬಂದ ಹೆಂಗಸರ ಕೈಗೆ ಪೂರ್ತಿ ಪದದ ಹಾಳೆ ಕೊಡಬೇಕು ಎಂಬುದು ಮಗಳ ಆಸೆ. ಸಂಜೆಯ ಬಸ್ಸಿಗೆ ಅವಳು ಯಾದಗಿರಿಗೆ ಹೋದಳು.

ಮರುದಿನ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದ ಹೆಂಡತಿ ಎದೆ ಹಿಡಿದುಕೊಂಡು ಕುಳಿತಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಿನಕರ್ಮಗಳು ಮುಗಿದ ಮೇಲೆ ಮಗಳು ಲ್ಯಾಪ್‌ಟಾಪನ್ನು ನನ್ನ ಹತ್ತಿರವೇ ಬಿಟ್ಟುಹೋದಳು. ಅವಳಿಗೆ ಅದನ್ನು ತೆರೆಯಲು ಆಗುತ್ತಿರಲಿಲ್ಲ. ನನಗೆ ತೆರೆಯದೆ ಇರಲು ಆಗುತ್ತಿರಲಿಲ್ಲ. ಪ್ರೆಸ್ಸಿನಿಂದ ಬಂದು ಚಹಾ ಮಾಡಿಕೊಂಡು, ಮಗಳು ಹಿಂದೆ ಹಿಡಿದು ನನ್ನ ಮೊಬೈಲಿಗೂ ಕಳಿಸಿದ್ದ ಹೆಂಡತಿಯ ಉಳಿದ ಪದಗಳನ್ನು ಹಚ್ಚಿಕೊಂಡು ಕೂಡುತ್ತಿದ್ದೆ. ಬೀಸುವ ಪದ, ಆರತಿ ಪದ, ಬೀಗರನ್ನು ಛೇಡಿಸುವ ಪದ. ಫೋನಿನಲ್ಲಿ ಮಗಳನ್ನು ಕೇಳಿ ಕೇಳಿ ಸ್ವರ ಇಡುವುದನ್ನೂ ಅಷ್ಟಿಷ್ಟು ಕಲಿತೆ. ಒಂದು ಸಾಲಿಗೆ ಒಂದು ಸಂಜೆ ಹಿಡಿಯುತ್ತಿತ್ತು. ಹೆಂಡತಿ ಎಷ್ಟು ವರ್ಷ ಕಿವಿಯ ಹತ್ತಿರವೇ ಹಾಡಿದ್ದಳು, ಎಲ್ಲಿ ಎಳೆಯುತ್ತಾಳೆ, ಎಲ್ಲಿ ತಟ್ಟನೆ ಬಿಡುತ್ತಾಳೆ ಎಂದು ನಾನು ಗಮನಿಸಿರಲಿಲ್ಲ. ಈಗ ಗಮನಿಸುವುದೇ ಕೆಲಸವಾಯಿತು. ಆ ಸಂಜೆಗಳು ದುಃಖದವು ಎಂದು ಜನ ತಿಳಿದಿದ್ದರು. ನಿಜ ಹೇಳಬೇಕೆಂದರೆ ನಾನು ಸುಖವಾಗಿದ್ದೆ.

ತೊಟ್ಟಿಲ ಪದದ ನಾಲ್ಕನೆಯ ನುಡಿಯನ್ನೂ ನಾನೇ ತುಂಬಿದೆ. ಅದರ ಮಾತುಗಳು ಗೊತ್ತೇ ಇದ್ದವು. ಓಣಿಯಲ್ಲಿ ಎಷ್ಟು ತೊಟ್ಟಿಲುಗಳ ಮುಂದೆ ಕೇಳಿಲ್ಲ? ಅದೇ ಸ್ವರಗಳ ಕೆಳಗೆ ಒಂದರ ಕೆಳಗೊಂದರಂತೆ ಎಷ್ಟು ನುಡಿಗಳನ್ನು ಬೇಕಾದರೂ ಇಡಬಹುದು. ಮೂರರ ಕೆಳಗೆ ನಾಲ್ಕನೆಯದು ಅಚ್ಚುಕಟ್ಟಾಗಿ ಕೂತಿತು. ಹೆಸರಿನ ಜಾಗದಲ್ಲಿ ಚುಕ್ಕಿ ಇಟ್ಟೆ.

ಮಗಳು ಹೆರಿಗೆಗೆ ಬಂದಾಗ ಬಾಣಂತನಕ್ಕೆಂದು ಶಹಾಪುರದಿಂದ ಹೆಂಡತಿಯ ಅಕ್ಕ ಬಂದರು. ಹೆಣ್ಣು ಮಗು ಹುಟ್ಟಿತು. ಹೆಸರಿಡುವ ಮುಂಚೆ ಒಂದು ದಿನ ಅವರಿಗೆ ಪದವನ್ನು ಕೇಳಿಸಿದೆ. ಯಂತ್ರದ ದನಿ ಮೂರು ನುಡಿಗಳನ್ನು ನುಡಿಸುವವರೆಗೆ ತಲೆಯಾಡಿಸಿದರು. ನಾಲ್ಕನೆಯದಕ್ಕೂ ಅದೇ ಧಾಟಿ ಬಂದಾಗ ನಕ್ಕುಬಿಟ್ಟರು.

“ಅಲ್ಲಪಾ, ಇದು ಹೆಸರಿನ ನುಡಿ ಅಲ್ಲ. ಅಲ್ಲಿ ಧಾಟಿ ಬ್ಯಾರೆ ಅದ. ದನಿ ಮ್ಯಾಲ ಏರ್ತದ.”

“ಹೆಂಗ ಏರ್ತದ್ರಿ ಅಕ್ಕಾ? ಹೇಳ್ರಿ, ಬರಕೋತೀನಿ.”

“ಹೆಂಗಂತ ಹೇಳಲಿ? ಹೆಸರು ಉದ್ದ ಇದ್ರ ಓಡ್ತದ, ಸಣ್ಣದಿದ್ರ ನಿಂತು ನಿಂತು ಬರ್ತದ. ನಾ ಹಾಡೋದು ಒಂದು ಪರಿ, ನನ್ನ ತಂಗಿ ಹಾಡೋದು ಇನ್ನೊಂದು ಪರಿ. ಆಕಿ ಒಂದ ಹೆಸರು ಎರಡು ಸಲ ಹಾಡಿದ್ರ ಎರಡೂ ಬ್ಯಾರೆನ.”

ಬರೆದದ್ದನ್ನು ಅಳಿಸಿದೆ. ಹಾಳೆಯಲ್ಲಿ ಮೂರು ನುಡಿಗಳೇ ಅಚ್ಚಾದವು.

ತೊಟ್ಟಿಲ ದಿನ ಮನೆ ತುಂಬ ಹೆಂಗಸರು. ಗುಗ್ಗರಿಯ ವಾಸನೆ, ಬಳೆಗಳ ಸದ್ದು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಾಗ ಉಳಿದವರು ವಾಡಿಕೆಯಂತೆ ಅವಳ ಬೆನ್ನಿಗೆ, ಬಿಗಿಯಾಗಿಯೇ, ಗುದ್ದಿದರು. “ಯವ್ವಾ, ಹಡದಾಕಿಗಿಂತ ನನಗ ಜಾಸ್ತಿ ತ್ರಾಸ ಆತು!” ಎಂದು ಅವಳು ಕೂಗಿದಳು. ಮಗಳು ಹಾರ್ಮೋನಿಯಂ ಮುಂದೆ ಕುಳಿತಳು. ಹೆಂಗಸರು ಹಾಳೆ ನೋಡಿಕೊಂಡು, ಕೆಲವರು ತಲೆಕೆಳಗಾಗಿ ಹಿಡಿದುಕೊಂಡೇ, ಮೂರು ನುಡಿ ಹಾಡಿದರು. ‘ಯವ್ವಾ’ ಎಂದು ನಿಲ್ಲುವಲ್ಲಿ ಎಲ್ಲರೂ ಒಟ್ಟಿಗೆ ನಿಂತರು. ಹೆಸರಿನ ನುಡಿಯನ್ನು ಅಕ್ಕ ಒಬ್ಬರೇ ಎತ್ತಿಕೊಂಡರು. ಮೂರಕ್ಷರದ ಹೆಸರು ಅವರ ದನಿಯಲ್ಲಿ ಏರಿ ಚೆನ್ನಾಗಿ ಇಳಿಯಿತು. ಮಗು ಕಣ್ಣು ಬಿಟ್ಟು ಕೇಳುತ್ತಿತ್ತು.

ಸಂಜೆ ಮಗಳು ಲ್ಯಾಪ್‌ಟಾಪ್ ತೆರೆದಳು. ಅವ್ವ ಹೋದ ಮೇಲೆ ಅದೇ ಮೊದಲು.

“ದೊಡ್ಡವ್ವನ ಧಾಟೀನ ಹಾಕಲೇನಪ್ಪಾ?”

“ಹಾಕವ್ವ. ಛಲೋ ಹಾಡ್ಯಾರ.”

ಅವಳು ಆ ನುಡಿಗೆ ಬೇರೆ ಸ್ವರಗಳನ್ನು ಬರೆದಳು. ನಾನು ಕೆಳಗೆ ಅಕ್ಷರ ತುಂಬಿದೆ, ಮಗುವಿನ ಹೆಸರನ್ನೂ ಮೂರು ತುಣುಕು ಮಾಡಿ ಇಟ್ಟೆ. ಈ ಸಲ ಯಾವ ಅಕ್ಷರವೂ ಎಡಕ್ಕೆ ಸರಿಯಲಿಲ್ಲ. ಅಕ್ಕ ಹಾಡಿದಂತೆ ಪದ ಪೂರ್ತಿಯಾಗಿದೆ. ನನ್ನ ಹೆಂಡತಿ ಈ ಹೆಸರನ್ನು ಹೇಗೆ ಹಾಡುತ್ತಿದ್ದಳು ಎಂಬುದು ಅದರಲ್ಲಿ ಇಲ್ಲ.