ಹಾಲಿಗೆ ಹಾಕಿದ ಪಚ್ಚೆ

ಅಂಟವಾಳದ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕುರ್ಚಿಯಿಂದ ಎದ್ದುಬಿಟ್ಟೆ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಹರಳು ಪರೀಕ್ಷೆ ಮಾಡುವ ಮುದುಕರೊಬ್ಬರ ಅಂಗಡಿ ಅದು. ಮೂಲೆಯ ಬೋಗುಣಿಯಲ್ಲಿ ಯಾರದೋ ಕಾಲುಂಗುರಗಳು ಅಂಟವಾಳದ ನೊರೆಯಲ್ಲಿ ನೆನೆಯುತ್ತಿದ್ದವು. ಅವ್ವ ತೀರಿಕೊಂಡ ಮೇಲೆ ಅವಳ ಒಡವೆ ಹಂಚಿಕೊಳ್ಳುವಾಗ ಅಕ್ಕ ಗಾಜಿನದೆಂದು ಬದಿಗೆ ಸರಿಸಿದ್ದ ಪಚ್ಚೆಯ ಉಂಗುರವನ್ನು ನಾನು ಅಲ್ಲಿಗೆ ತಂದಿದ್ದೆ. ಬೆಲೆ ಕಟ್ಟಿಸಲು ಬಂದೆ ಎಂದರೆ ಅರ್ಧ ಸುಳ್ಳು. ನಮ್ಮ ಅತ್ತಿ ಕಳ್ಳಿಯೋ ಅಲ್ಲವೋ, ಅದು ನನಗೆ ಗೊತ್ತಾಗಬೇಕಿತ್ತು. ಮುದುಕರು ಭೂತಗನ್ನಡಿ ಹಿಡಿದು ಬಾಗಿದರು. ನಾನು ಹೊಸ್ತಿಲಿಗೆ ಹೋದೆ, ಬಂದೆ, ಕುಳಿತೆ, ಮತ್ತೆ ಎದ್ದೆ. ಹರಳೇನೂ ಓಡಿ ಹೋಗುವುದಿಲ್ಲ, ಕೂಡ್ರಿ ಎಂದು ಅವರೇ ಹೇಳಬೇಕಾಯಿತು.

ಅತ್ತಿ ನನ್ನ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ನಮ್ಮ ಮನೆಗೇ ಬಂದು ಉಳಿದವಳು. ಅಂಥ ಒಬ್ಬ ಅತ್ತಿ ನಿಮ್ಮ ಮನೆಯಲ್ಲೂ ಇದ್ದಿರಬೇಕು: ಎಲ್ಲರಿಗಿಂತ ಮೊದಲು ಎದ್ದು, ಎಲ್ಲರ ಊಟ ಆದ ಮೇಲೆ ಉಣ್ಣುವವಳು. ಅಪ್ಪನದು ಹತ್ತಿ ವ್ಯಾಪಾರ. ಪಡಸಾಲೆಯ ಬಿಸಿಲುಕೋಲಿನಲ್ಲಿ ಯಾವಾಗಲೂ ಹತ್ತಿಯ ಎಳೆಗಳು ತೇಲುತ್ತಿದ್ದವು. ಅಲ್ಲೇ ಕೂತು ಶೇಂಗಾ ಸುಲಿಯುತ್ತ ಅತ್ತಿ ಬೆರಳು ಹೊರಳಿಸಿದರೆ ಗೋಡೆಯ ಮೇಲೆ ಹಸಿರು ಚುಕ್ಕೆಯೊಂದು ಕುಣಿಯುತ್ತಿತ್ತು. ಅದನ್ನು ಹಿಡಿಯಲು ನಾನು ಗೋಡೆಗೆ ಹಾರಿ ಹಾರಿ ಬೀಳುತ್ತಿದ್ದೆ. ಅಜ್ಜಿಯ ಉಂಗುರ ಅದು. ಅಕ್ಕನ ಮದುವೆಯವರೆಗೆ ಅತ್ತಿಯ ಹತ್ತಿರ ಇರಲಿ ಎಂದು ಅಜ್ಜಿಯೇ ಕೊಟ್ಟು ಹೋಗಿದ್ದಳು.

ನಮ್ಮ ಮನೆತನದಲ್ಲಿ ಆ ಉಂಗುರವನ್ನು ಮದುಮಗಳ ಬೆರಳಿಗೆ ತೊಡಿಸುವ ಮೊದಲು ಬೆಳ್ಳಿ ಬಟ್ಟಲಿನ ಹಾಲಿಗೆ ಹಾಕುತ್ತಿದ್ದರು. ಹಾಲಿಗೆ ಹಸಿರು ಛಾಯೆ ಬಂದರೆ ಹರಳು ಅಸಲಿ, ಮದುವೆ ಶುಭ. ಅಕ್ಕನ ನಿಶ್ಚಯದ ದಿನ ಬೀಗರೆಲ್ಲ ಬಟ್ಟಲಿನ ಸುತ್ತ ಬಾಗಿ ನೋಡಿದರು. ಹಾಲು ಹಾಲಾಗಿಯೇ ಉಳಿಯಿತು. ಎತ್ತಿ ನೋಡಿದರೆ ಹರಳು ಮಂಕಾಗಿತ್ತು, ಒಳಗೆಲ್ಲ ಬಿಳಿ ಗೆರೆ. ಹಿಂದಿನ ವಾರ ಅತ್ತಿ ಗಂಡನ ಊರು ಉಪ್ಪಿನಬೆಟಗೇರಿಗೆ ಒಬ್ಬಳೇ ಹೋಗಿ ಬಂದದ್ದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು.

"ಹಾಲು ಸುಳ್ಳು ಹೇಳೂದಿಲ್ಲ," ಎಂದಳು ಅವ್ವ.

"ಹರಳು ಅದ ಐತಿ. ನಾ ಬದಲ ಮಾಡಿಲ್ಲ," ಎಂದಳು ಅತ್ತಿ. ಒಬ್ಬೊಬ್ಬರ ಮುಖ ನೋಡುತ್ತ ಬಂದವಳು ನನ್ನ ಹತ್ತಿರ ಬಂದಾಗ ಕಣ್ಣು ಕೆಳಗೆ ಮಾಡಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ಊರಿಗೆಲ್ಲ ಬುದ್ಧಿ ಹೇಳುವ ನನ್ನ ಅಪ್ಪನೂ ಅಂದು ಬಾಯಿ ಬಿಡಲಿಲ್ಲ. ನನಗೆ ಈಗಲೂ ಅವನ ಮೇಲೆ ಸಿಟ್ಟಿದೆ. ಎಂಟು ದಿನದೊಳಗೆ ಅತ್ತಿ ಉಪ್ಪಿನಬೆಟಗೇರಿಯ ಗಂಡನ ಕಡೆಯವರ ಮನೆಗೆ ಹೋದಳು. ಮರಳಿ ಬರಲಿಲ್ಲ. ಅವಳ ಮಣ್ಣಿಗೆ ಅಪ್ಪ ಒಬ್ಬನೇ ಹೋಗಿ ಬಂದ.

ಮುದುಕರು ತಲೆ ಎತ್ತಿದರು. ಹರಳು ಅಸಲಿ, ಹಳೆಯದು, ಅದನ್ನು ಕೂಡಿಸಿದ ಕಟ್ಟು ಬಿಚ್ಚಿದ ಗುರುತೇ ಇಲ್ಲ ಎಂದರು. ಆಮೇಲೆ ನಿಟ್ಟುಸಿರಿಟ್ಟರು.

"ಪಚ್ಚಿ ಒಳಗ ಎಣ್ಣಿ ಇರತೈತ್ರಿ, ಅದರ ಮ್ಯಾಲೆ ಬಣ್ಣ. ಇದನ್ನ ಯಾರೋ ಬಂಗಾರ ತೊಳದಂಗ ಅಂಟವಾಳದಾಗ ಕುದಿಸ್ಯಾರ. ಎಣ್ಣಿ ಹೋಗಿ ಒಳಗಿನ ಗೆರಿ ಕಾಣಾಕತ್ತಾವ."

ಈ ವಾಸನೆ ಬಂದಲ್ಲೆಲ್ಲ ನಾನು ಯಾಕೆ ಎದ್ದು ಹೋಗುತ್ತಿದ್ದೆ ಎಂಬುದು ಆಗ ನನಗೆ ತಿಳಿಯಿತು. ನಿಶ್ಚಯದ ದಿನ ಬೆಳಗ್ಗೆ, ಒಂಬತ್ತು ವರ್ಷದವಳು, ಅಕ್ಕನ ಉಂಗುರ ಫಳಫಳ ಹೊಳೆಯಲಿ ಎಂದು, ಅವ್ವ ಬಳೆ ತೊಳೆಯುವಂತೆಯೇ ಅದನ್ನು ಸಣ್ಣ ತಪೇಲಿಯಲ್ಲಿ ಕುದಿಸಿ ಸದ್ದಿಲ್ಲದೆ ಮತ್ತೆ ಅತ್ತಿಯ ಡಬ್ಬಿಯಲ್ಲಿಟ್ಟವಳು ನಾನು. ಬಂಗಾರವೇನೋ ಹೊಳೆದಿತ್ತು. ಅದನ್ನು ಮಾತ್ರ ನೋಡಿ ಹಿಗ್ಗಿದ್ದೆ.

ಬೆಲೆ ಬರೆದುಕೊಡಲೇ ಎಂದು ಅವರು ಕೇಳುತ್ತಿದ್ದಾಗ ಅಕ್ಕನ ಫೋನು ಬಂತು. ಎಲ್ಲವನ್ನೂ ಹೇಳಿದೆ.

"ಅತ್ತಿಗೆ ಗೊತ್ತಿತ್ತೇನು?" ಎಂದಳು ಅಕ್ಕ.

ಬೋಗುಣಿಯ ನೊರೆ ಇಳಿಯುತ್ತಿತ್ತು. ಅಂದು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅತ್ತಿಯ ಬೆನ್ನು ಕಣ್ಣಿಗೆ ಬಂತು.

"ಗೊತ್ತಿತ್ತು," ಎಂದೆ. "ಯಾರೂ ನೋಡೂದ್ರಾಗ ಆ ತಪೇಲಿ ತೊಳದಿಟ್ಟಾಕಿ ಆಕೀನ."