ಬಾಗಿಲ ಮುಂದಿನ ಚಪ್ಪಲಿ

ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ? ಚನ್ನಗಿರಿಯಲ್ಲಿ ಹಲ್ಲಿನ ಕ್ಲಿನಿಕ್ಕು ತೆರೆದ ಹೊಸತರಲ್ಲಿ ನಾನು ದಿನಾ ಬೆಳಿಗ್ಗೆ ಮಾಡುತ್ತಿದ್ದ ಮೊದಲ ಕೆಲಸ, ಹಳೆಯ ಚಪ್ಪಲಿಗಳನ್ನು ಬಾಗಿಲ ಮುಂದೆ ಜೋಡಿಸುವುದು.

ಅದಕ್ಕೆ ಮೊದಲು ದಾವಣಗೆರೆಯಲ್ಲಿ ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ಸಂಬಳಕ್ಕಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬಂದು ಸೊಂಟ ಬಿದ್ದುಹೋಗಿತ್ತು. ಯುಗಾದಿಗೆ ಸ್ವಂತ ಬೋರ್ಡು ಹಾಕಿಸಿದೆ. ದೀಪಾವಳಿಯೊಳಗೆ ಜನ ಬಂದರೆ ಸರಿ, ಇಲ್ಲದಿದ್ದರೆ ಕ್ಲಿನಿಕ್ಕು ಮುಚ್ಚಿ ಮತ್ತೆ ಅದೇ ಬಸ್ಸು ಎಂದು ಮನೆಯಲ್ಲಿ ಮಾತಾಗಿತ್ತು. ಮೊದಲ ತಿಂಗಳು ಬಂದವರು ಮೂವರು. ಒಬ್ಬರು ವಿಳಾಸ ಕೇಳಲು, ಒಬ್ಬರು ಚಂದಾ ಎತ್ತಲು, ಮೂರನೆಯವರು ಕಣ್ಣು ತೋರಿಸಲು.

ಜನರದೇನೂ ತಪ್ಪಿಲ್ಲ. ನಮ್ಮ ಕಡೆ ಹಲ್ಲುನೋವಿಗೆ ಮೊದಲು ಲವಂಗ, ಆಮೇಲೆ ಉಪ್ಪುನೀರು, ಆಮೇಲೆ ಮೆಡಿಕಲ್ ಸ್ಟೋರಿನ ಮಾತ್ರೆ, ಆಮೇಲೆ ದೇವರು. ದೇವರೂ ಕೈಬಿಟ್ಟರೆ ಹಲ್ಲಿನ ಡಾಕ್ಟರು. ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂದು ಗಾದೆ ಕಟ್ಟಿದ ಹಿರಿಯರು, ಹಲ್ಲೂ ಕಡಲೆಯೂ ಇದ್ದು ರೋಗಿಗಳಿಲ್ಲದವರ ಬಗ್ಗೆ ಏನೂ ಹೇಳಿಲ್ಲ.

ಖರ್ಚಿನ ಮೇಲೆ ಕಣ್ಣಿಡುವ ಕೆಲಸವನ್ನು ನಮ್ಮ ಅತ್ತೆ ತಾವಾಗಿಯೇ ವಹಿಸಿಕೊಂಡರು. ರೋಗಿ ಕುರ್ಚಿಯಲ್ಲಿ ಒರಗುವವರೆಗೆ ಎ.ಸಿ. ಹಾಕುವಂತಿಲ್ಲ. ನನಗೊಬ್ಬಳಿಗೇ ಎಂದು ಫ್ಯಾನು ಹಾಕಿಕೊಂಡರೆ, ಕ್ಲಿನಿಕ್ಕಾಗಲಿ ಮನೆಯಾಗಲಿ, ಎರಡನೇ ನಂಬರು ದಾಟುವಂತಿಲ್ಲ. ಕರಪತ್ರ ಹಂಚಿಸೋಣವೇ ಎಂದು ಕೇಳಿದೆ.

“ಕಾಗದ ಓದಿ ಯಾರು ಬಾಯಿ ತೆಗಿತಾರೆ? ಬಾಗಿಲ ಮುಂದೆ ನಾಕು ಜೊತೆ ಚಪ್ಪಲಿ ಇಲ್ದಿದ್ರೆ ಒಳಗೆ ಬರಾಕೆ ಯಾರಿಗೆ ಧೈರ್ಯ ಐತೆ? ಚಪ್ಪಲಿ ಕಳ್ದು ಹೋಗೋವಷ್ಟು ಜನ ಇದ್ರೇನೇ ಅದು ದವಾಖಾನೆ” ಎಂದರು ಅತ್ತೆ.

ಮರುದಿನ ಅಟ್ಟದಿಂದ ಒಂದು ಚೀಲ ಇಳಿಯಿತು. ಮಾವನವರ ಟೈರಿನ ಚಪ್ಪಲಿ, ನನ್ನ ಗಂಡನ ಕಾಲೇಜು ದಿನಗಳ ಸ್ಯಾಂಡಲ್ಲು, ಇನ್ನೂ ಐದು ಜೊತೆ. ನಾನು ಓದಿದವಳಲ್ಲವೇ, ಕೆಲಸ ಅಚ್ಚುಕಟ್ಟಾಗಿ ಮಾಡಿದೆ. ಒಂದನ್ನು ಮಗುಚಿ ಇಟ್ಟೆ, ಒಂದು ಜೊತೆಯನ್ನು ಅವಸರದಲ್ಲಿ ಬಿಟ್ಟಂತೆ ದೂರ ದೂರ ಇಟ್ಟೆ. ಊಟವಾದ ಮೇಲೆ ಎಲ್ಲದರ ಜಾಗ ಬದಲಾಯಿಸಿದೆ.

ಜನ ಬಂದರು. ಮೆಟ್ಟಿಲ ತನಕ ಬಂದು ಚಪ್ಪಲಿ ಎಣಿಸಿ, “ಭಾಳ ರಷ್ ಐತಪ್ಪ, ಇನ್ನೊಂದ್ ದಿನ ಬರಾಣ” ಎಂದು ತಿರುಗಿ ಹೋದರು. ಒಳಗೆ ನೊಣವೂ ಇಲ್ಲ, ಬನ್ನಿ ಎಂದು ಓಡಿಹೋಗಿ ಹೇಳಲಾಗುತ್ತದೆಯೇ? ಬಾಗಿಲ ಹಿಂದೆ ನಿಂತು ಕೈ ಹಿಸುಕಿಕೊಂಡೆ. ಗಣೇಶನ ಹಬ್ಬವೂ ಕಳೆಯಿತು. ಕನಸಿನಲ್ಲಿ ದಾವಣಗೆರೆಯ ಬಸ್ಸು ಹಾರನ್ ಹೊಡೆಯತೊಡಗಿತು.

ಆಗ ಬಂದವರು ರತ್ನಮ್ಮ, ಸಂತೇಬೆನ್ನೂರಿನ ಸಂತೆಯಲ್ಲಿ ತರಕಾರಿ ಮಾರುವವರು. ಕೆನ್ನೆ ಊದಿತ್ತು. ತಿರುಗಿ ಹೋಗುವಷ್ಟು ತಾಳ್ಮೆಯನ್ನು ನೋವು ಉಳಿಸಿರಲಿಲ್ಲ. ಸೀದಾ ಒಳಗೆ ಬಂದು ಖಾಲಿ ಬೆಂಚುಗಳನ್ನು ನೋಡಿ ಬೆಚ್ಚಿ, ಸೆರಗು ಬಿಗಿ ಹಿಡಿದು ನಿಂತರು.

“ಡಾಕ್ಟ್ರಮ್ಮ, ಹೊರಗೆ ಇಷ್ಟು ಚಪ್ಪಲಿ ಅದಾವೆ. ಜನ ಎಲ್ರಿ? ಏನ್ ಮಾಡಿದ್ರಿ ಅವ್ರನ್ನ?”

ಹೀಗೂ ಯೋಚಿಸಬಹುದೆಂದು ನಮ್ಮ ಅತ್ತೆಗೂ ಹೊಳೆದಿರಲಿಲ್ಲ. ರತ್ನಮ್ಮನ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಬೇರೆ ದಾರಿಯಿಲ್ಲದೆ ನಿಜ ಹೇಳಿದೆ. ಯಾವುದು ಮಾವನದು, ಯಾವುದು ಗಂಡನದು ಎಂದು ಬೆರಳು ಮಾಡಿ ತೋರಿಸಿದೆ. ರತ್ನಮ್ಮ ಕೆನ್ನೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಕುರ್ಚಿಯಲ್ಲಿ ಒರಗಿದರು. ನಾನು ಓಡಿ ಹೋಗಿ ಎ.ಸಿ. ಹಾಕಿದೆ. ಹಾಳಾಗಿದ್ದ ದವಡೆ ಹಲ್ಲು ಹೆಚ್ಚು ಕಾಡದೆ ಬಂತು. ಹೋಗುವಾಗ ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದರಿಂದ, “ಯಾರಿಗೂ ಹೇಳಲ್ಲ ಬಿಡ್ರಿ” ಎಂದು ಕೈಸನ್ನೆಯಲ್ಲೇ ಮಾತು ಕೊಟ್ಟರು.

ಮುಂದಿನ ಸಂತೆಯಲ್ಲಿ ಟೊಮೆಟೊ ಕೊಂಡವರಿಗೆಲ್ಲ ನನ್ನ ಕಥೆಯನ್ನು ಕೊಸರಾಗಿ ಹಾಕಿದರಂತೆ. ನಾಚಿಕೆಯಿಂದ ನೆಲ ಬಗೆದು ಇಳಿದುಹೋಗಬೇಕೆನಿಸಿತು. ಆದರೆ ಎರಡೇ ದಿನಕ್ಕೆ ಮೂವರು ಹೆಂಗಸರು ಬಂದರು. “ಇದರಾಗೆ ನಿಮ್ ಮಾವನೋರ್ದು ಯಾವುದ್ರಿ?” ಎಂದು ಕೇಳಿ, ನಕ್ಕು, ಪಕ್ಕದಲ್ಲೇ ತಮ್ಮವನ್ನೂ ಬಿಟ್ಟರು. ಆಮೇಲೆ ಹೊನ್ನಾಳಿ, ನ್ಯಾಮತಿ ಕಡೆಯವರೂ ಬಂದರು. ಡಾಕ್ಟರನ್ನು ನೋಡಿ ಒಮ್ಮೆ ನಕ್ಕವರಿಗೆ ಅವಳ ಇಕ್ಕಳದ ಭಯ ಅರ್ಧ ಇಳಿಯುತ್ತದೆ. ನಕ್ಕ ಬಾಯಿ ಹೇಗೂ ತೆರೆದೇ ಇರುತ್ತದೆ.

ದೀಪಾವಳಿಗೆ ವಾರವಿತ್ತು. ಸಂಜೆ ಬೀಗ ಹಾಕಿ ನೋಡಿದರೆ, ಅಟ್ಟದ ಏಳೂ ಜೊತೆ ಹಾಗೇ ಇವೆ, ನನ್ನ ಹೊಸ ಚಪ್ಪಲಿ ಮಾತ್ರ ಯಾರದೋ ಕಾಲಲ್ಲಿ ಹೋಗಿದೆ! ಮಾವನವರದನ್ನು ಮೆಟ್ಟಿಕೊಂಡು ಹೋಗಬಹುದಿತ್ತು. ಮನಸ್ಸಾಗಲಿಲ್ಲ. ಪೇಟೆ ಬೀದಿಯಲ್ಲಿ ಬರಿಗಾಲಲ್ಲೇ, ಎಲ್ಲರಿಗೂ ಕಾಣುವಂತೆ ನಡೆದೆ.

ಮನೆ ಬಾಗಿಲಲ್ಲಿ ಅತ್ತೆ ನನ್ನ ಕಾಲು ನೋಡಿದರು.

“ಹೋದ್ವಾ?”

“ಹೋದವು, ಅತ್ತೆ.”

“ಅಂತೂ ದವಾಖಾನೆ ಆತು ಬಿಡು” ಎಂದು ನನ್ನನ್ನು ಕೂರಿಸಿ, ಫ್ಯಾನನ್ನು ಐದನೇ ನಂಬರಿಗೆ ತಿರುಗಿಸಿದರು.